ಹೊಂಗೆ ಮರದ ಕೆಳಗಿನ ಪಾಠ: ಬಯಲಿನ ಕಲಿಕೆಯ ಚರಿತ್ರೆಯಿಂದ ಕೆಲವು ಪುಟಗಳು

ನಾನು ಎಂಟನೇ ತರಗತಿಯಲ್ಲಿದ್ದಾಗ, ಡಿಸೆಂಬರ್ ತಿಂಗಳ ಕೊನೆಯ ಒಂದು ದಿನ, ನಮ್ಮ ವಿಜ್ಞಾನದ ಮೇಷ್ಟ್ರು ಶಾಲೆಯ ಅಂಗಳದಲ್ಲಿ ಒಂದು ಬಿದಿರು ಕೋಲು ನೆಡಿಸಿದರು. ಹೊಂಗೆ ಮರದ ನೆರಳು ತಾಗದಷ್ಟು ದೂರದಲ್ಲಿ, ನೆಟ್ಟಗೆ, ನೆಲದಿಂದ ಮೂರು ಅಡಿ ಎತ್ತರ. ಬೆಳಗಿನ ಪ್ರಾರ್ಥನೆ ಮುಗಿದಾಗಿನಿಂದ ಸಂಜೆಯ ಗಂಟೆ ಹೊಡೆಯುವವರೆಗೆ ಅರ್ಧ ಗಂಟೆಗೊಮ್ಮೆ ಇಬ್ಬಿಬ್ಬರಾಗಿ ಹೊರಗೆ ಹೋಗಿ, ನೆರಳಿನ ತುದಿಗೆ ಒಂದು ಕಲ್ಲಿಟ್ಟು, ಉದ್ದ ಅಳೆದು ಬರೆದುಕೊಂಡು ಬರಬೇಕು. ಮಧ್ಯಾಹ್ನ 12ರ ಆಸುಪಾಸಿನಲ್ಲಿ ಮಾತ್ರ ಐದು ನಿಮಿಷಕ್ಕೊಮ್ಮೆ ಅಳೆಯಬೇಕು. ಇದಿಷ್ಟೇ ಅವರು ಕೊಟ್ಟ ಕೆಲಸ.

ನೆರಳು ಅತಿ ಚಿಕ್ಕದಾಗುವುದು ಸರಿಯಾಗಿ 12 ಗಂಟೆಗೆ ಎಂದು ನಾವೆಲ್ಲ ನಂಬಿದ್ದೆವು. ಆದರೆ 12 ಹೊಡೆದ ಮೇಲೂ ನೆರಳು ಕುಗ್ಗುತ್ತಲೇ ಇತ್ತು. 12.20ರ ಹೊತ್ತಿಗೆ ಅದು ಅತಿ ಚಿಕ್ಕದಾಗಿ, ಆಮೇಲೆ ಬೆಳೆಯತೊಡಗಿತು. "ವಾಚು ಕೆಟ್ಟಿದೆ ಸಾರ್" ಎಂದು ನಾವು ಓಡಿಹೋಗಿ ಹೇಳಿದೆವು. ಮೇಷ್ಟ್ರು ನಕ್ಕು, "ವಾಚೂ ಸರಿಯಾಗಿದೆ, ನೆರಳೂ ಸರಿಯಾಗಿದೆ. ಮಧ್ಯದಲ್ಲಿ ಈ ಇಪ್ಪತ್ತು ನಿಮಿಷ ಎಲ್ಲಿಂದ ಬಂತು, ಯೋಚನೆ ಮಾಡ್ರೋ" ಎಂದರು. ಉತ್ತರ ಹೇಳಲಿಲ್ಲ. ಒಂದು ವಾರ ಊರಿನಲ್ಲಿ ಅದೇ ಮಾತು. ಕೊನೆಗೆ ಅವರೇ ಭಾರತದ ಭೂಪಟ ತೂಗುಹಾಕಿ, ದೇಶಕ್ಕೆಲ್ಲ ಒಂದೇ ಗಡಿಯಾರ ಇಟ್ಟುಕೊಂಡಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಮ್ಮ ತುಮಕೂರು ಸೀಮೆ ಇರುವುದು 77 ಡಿಗ್ರಿ ಚಿಲ್ಲರೆಯಲ್ಲಿ, ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು ಎಂದು ತೋರಿಸಿದರು. ಲೆಕ್ಕ ನಾವೇ ಮಾಡಿದೆವು. ನಮ್ಮೂರಿನ ಮಧ್ಯಾಹ್ನ ಗಡಿಯಾರದ ಮಧ್ಯಾಹ್ನಕ್ಕಿಂತ ಇಪ್ಪತ್ತು ನಿಮಿಷ ತಡ ಎಂಬುದನ್ನು ಒಂದು ಬಿದಿರು ಕೋಲು ಹೇಳಿಕೊಟ್ಟಿತ್ತು.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಕೋಲು. ಅಂಥ ಪಾಠ ನಮಗೆ ಮೂರು ವರ್ಷದಲ್ಲಿ ನಾಲ್ಕೈದು ಸಲ ಸಿಕ್ಕಿರಬಹುದು, ಅಷ್ಟೇ. ಹತ್ತನೇ ತರಗತಿಗೆ ಬಂದಮೇಲೆ ಒಂದು ಸಲವೂ ಇಲ್ಲ. ಖರ್ಚಿಲ್ಲದ, ಮಕ್ಕಳು ಮರೆಯದ ಇಂಥ ಪಾಠ ನಮ್ಮ ಶಾಲೆಗಳಲ್ಲಿ ಏಕೆ ಇಷ್ಟು ಅಪರೂಪ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿದ ಚರಿತ್ರೆಯನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಮಕ್ಕಳನ್ನು ಗೋಡೆಯಾಚೆ ಕರೆದೊಯ್ದು ಗಿಡ, ಮಣ್ಣು, ಆಕಾಶಗಳಿಂದ ಕಲಿಸುವ ಪ್ರಯತ್ನ ಹೊಸದಲ್ಲ. ಅದನ್ನು ಮಾಡಿದವರಿದ್ದಾರೆ, ಅದು ಬೆಳೆದದ್ದೂ ಉಂಟು, ನಿಂತದ್ದೂ ಉಂಟು. ಏಕೆ ಬೆಳೆಯಿತು, ಏಕೆ ನಿಂತಿತು ಎಂಬುದರಲ್ಲಿ ನಮ್ಮ ಶಾಲೆಯ ಮುಂದಿನ 50 ವರ್ಷಕ್ಕೆ ಬೇಕಾದ ಪಾಠವಿದೆ ಎಂದು ನನ್ನ ನಂಬಿಕೆ.

ಹೆಸರು ಉಳಿಯಿತು, ತೋಟ ಹೋಯಿತು

ನಮ್ಮ ತಾಲ್ಲೂಕು ಕೇಂದ್ರದಲ್ಲಿ ಇಂದು ಬೀದಿಗೊಂದು ಎಲ್.ಕೆ.ಜಿ., ಯು.ಕೆ.ಜಿ. ಇದೆ. ಈ 'ಕೆ.ಜಿ.' ಎಂದರೆ ಕಿಂಡರ್‌ಗಾರ್ಟನ್. ಅದು ಜರ್ಮನ್ ಭಾಷೆಯ ಮಾತು. ಮಕ್ಕಳ ತೋಟ ಎಂದು ಅರ್ಥ. ಆ ಹೆಸರಿಟ್ಟವನು ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ಜರ್ಮನಿಯ ತುರಿಂಜಿಯಾ ಪ್ರಾಂತದಲ್ಲಿ ಹುಟ್ಟಿದ ಈತ ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ. ಹುಡುಗನಾಗಿದ್ದಾಗ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿ ಕಾಡಿನಲ್ಲಿ ಓಡಾಡಿದ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ.

ಆ ಹೆಸರು ಬರಿಯ ಅಲಂಕಾರವಾಗಿರಲಿಲ್ಲ. ಅಲ್ಲಿ ನಿಜವಾಗಿಯೂ ತೋಟವಿತ್ತು. ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಮಡಿ. ಅದರಲ್ಲಿ ಏನು ಬಿತ್ತಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದು ಮಗುವಿನ ಹೊಣೆ. ಅದರ ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಸಾಮಾನ್ಯ ಮಡಿಗಳು. ನನ್ನದು ಯಾವುದು, ನಮ್ಮೆಲ್ಲರದು ಯಾವುದು ಎಂಬ ತಿಳಿವಳಿಕೆ ಮಗುವಿಗೆ ಮಣ್ಣಿನಲ್ಲೇ ಬರಲಿ ಎಂಬುದು ಫ್ರೋಬೆಲ್‌ನ ಯೋಚನೆ. ಹಾಡು, ಕುಣಿತ, ಮರದ ಗಟ್ಟಿಗಳ ಆಟ ಎಲ್ಲವೂ ಇದರ ಸುತ್ತ ಇದ್ದವು.

1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಹಬ್ಬಿಸುತ್ತಿವೆ ಎಂಬುದು ಆರೋಪ. ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್ ಎಂಬಾತ ಬರೆದ ಪುಸ್ತಿಕೆಯೊಂದನ್ನು ಈತನದೇ ವಿಚಾರವೆಂದು ಅಧಿಕಾರಿಗಳು ಒಂದಕ್ಕೊಂದು ಬೆರೆಸಿದ್ದೂ ಇದಕ್ಕೆ ಕಾರಣ. ಮರುವರ್ಷ, 1852ರಲ್ಲಿ, ಫ್ರೋಬೆಲ್ ತೀರಿಕೊಂಡ. 1860ರಲ್ಲಿ ನಿಷೇಧ ತೆಗೆದರು. ಅದನ್ನು ನೋಡಲು ಅವನಿರಲಿಲ್ಲ. ಆದರೆ ಅಷ್ಟರಲ್ಲಿ ಅವನಿಂದ ಕಲಿತವರು, ಅವರಲ್ಲೂ ಮುಖ್ಯವಾಗಿ ಹೆಣ್ಣುಮಕ್ಕಳು, ಇಂಗ್ಲೆಂಡ್, ಅಮೆರಿಕಗಳಿಗೆ ಅದನ್ನು ಒಯ್ದಿದ್ದರು. ಸರ್ಕಾರ ಮುಚ್ಚಿದರೂ ಶಿಕ್ಷಕಿಯರು ಉಳಿಸಿದರು.

ಬೇಸರದ ಸಂಗತಿ ಇನ್ನೊಂದಿದೆ. ನಿಷೇಧದಿಂದ ಸಾಯದ ಆ ತೋಟ ನಮ್ಮ ಕಾಲದಲ್ಲಿ, ನಮ್ಮ ಊರುಗಳಲ್ಲಿ, ಯಾರೂ ನಿಷೇಧಿಸದೆಯೇ ಹೋಗಿಬಿಟ್ಟಿದೆ. ಮೂರೂವರೆ ವರ್ಷದ ಮಗು ಕೆ.ಜಿ.ಗೆ ಹೋಗುತ್ತದೆ, ಅಂಗೈ ಅಗಲದ ಮಣ್ಣೂ ಇಲ್ಲದ ಕೋಣೆಯಲ್ಲಿ ಕೂತು ಎ ಬಿ ಸಿ ಡಿ ತಿದ್ದುತ್ತದೆ. ಹೆಸರು ಮಾತ್ರ ಈಗಲೂ ತೋಟ.

ಮರವೇ ಚಾವಣಿಯಾದ ಶಾಲೆ

ನಮ್ಮ ದೇಶದಲ್ಲಿ ಬಯಲಿನ ಶಾಲೆ ಎಂದರೆ ಎಲ್ಲರಿಗೂ ನೆನಪಾಗುವುದು ಶಾಂತಿನಿಕೇತನ. ಬಂಗಾಳದ ಬೋಲ್‌ಪುರದ ಹತ್ತಿರ ದೇವೇಂದ್ರನಾಥ ಠಾಕೂರರು 1863ರಲ್ಲಿ ಪಡೆದ ಜಾಗ ಬಹುಪಾಲು ಬರಡು ಕೆಂಪು ನೆಲ. ಅಲ್ಲಿ ಎರಡು ಸಪ್ತಪರ್ಣಿ ಮರಗಳಿದ್ದವು; ನಮ್ಮ ಕಡೆ ಹಾಲೆ ಮರ, ಮದ್ದಾಲೆ ಎನ್ನುವುದು ಇದನ್ನೇ. ಅವರ ಮಗ ರವೀಂದ್ರನಾಥರು ಬಾಲ್ಯದಲ್ಲಿ ಶಾಲೆಯ ನಾಲ್ಕು ಗೋಡೆಗಳನ್ನು ಸಹಿಸದೆ ಬಿಟ್ಟವರು. ಅವರು 1901ರ ಡಿಸೆಂಬರ್‌ನಲ್ಲಿ ಅದೇ ಜಾಗದಲ್ಲಿ ಐದು ಮಕ್ಕಳೊಡನೆ ಶಾಲೆ ತೆರೆದರು. ಅವರ ಮಗ ರಥೀಂದ್ರನಾಥನೂ ಆ ಐವರಲ್ಲಿ ಒಬ್ಬ.

ಪಾಠ ಮರದ ಕೆಳಗೆ. ಮಕ್ಕಳು ತಮ್ಮ ತಮ್ಮ ಚಾಪೆ ತಂದು ಹಾಸಿಕೊಂಡು ಮೇಷ್ಟ್ರ ಸುತ್ತ ಕೂರುತ್ತಿದ್ದರು. ವಿಜ್ಞಾನ ಕಲಿಸಿದ ಜಗದಾನಂದ ರಾಯ್ ಅವರು ಗ್ರಹ ನಕ್ಷತ್ರ, ಹುಳು ಹುಪ್ಪಟೆ, ಹಕ್ಕಿಗಳ ಬಗ್ಗೆ ಮಕ್ಕಳಿಗಾಗಿಯೇ ಬಂಗಾಳಿಯಲ್ಲಿ ಪುಸ್ತಕಗಳನ್ನು ಬರೆದರು. ಕಲಿಸುವ ಮೇಷ್ಟ್ರೇ ತಾಯಿನುಡಿಯಲ್ಲಿ ವಿಜ್ಞಾನದ ಪುಸ್ತಕ ಬರೆಯಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು; ಹೊರಗಿನ ಗಿಡಕ್ಕೆ ಒಳಗಿನ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಮಗು ಎರಡನ್ನೂ ಜೋಡಿಸಲಾರದು.

ಠಾಕೂರರು ಮಾಡಿದ ಇನ್ನೊಂದು ಜಾಣತನದ ಕೆಲಸವೆಂದರೆ ಋತುಗಳನ್ನೇ ಶಾಲೆಯ ಹಬ್ಬಗಳನ್ನಾಗಿ ಮಾಡಿದ್ದು. 1907ರಲ್ಲಿ ಅವರ ಕಿರಿಯ ಮಗ ಶಮೀಂದ್ರ ಗೆಳೆಯರನ್ನು ಸೇರಿಸಿಕೊಂಡು ವಸಂತದ ಆಚರಣೆ ಶುರುಮಾಡಿದ. ಅದೇ ವರ್ಷದ ಕೊನೆಯಲ್ಲಿ ಆ ಹುಡುಗ ಕಾಯಿಲೆಯಿಂದ ತೀರಿಕೊಂಡ. ಹಬ್ಬ ಮಾತ್ರ ಉಳಿದು ಬೆಳೆಯಿತು. ಮಳೆಗೆ, ಶರತ್ಕಾಲಕ್ಕೆ, ವಸಂತಕ್ಕೆ ಹಾಡು ನಾಟಕಗಳಾದವು. 1928ರ ಜುಲೈನಲ್ಲಿ ವೃಕ್ಷಾರೋಪಣ, ಅಂದರೆ ಗಿಡ ನೆಡುವ ಹಬ್ಬ, ಶುರುವಾಯಿತು. ನಾವು ವನಮಹೋತ್ಸವದ ದಿನ ಭಾಷಣ ಮುಗಿಸಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಅಲ್ಲಿ ಎಳೆಗಿಡವನ್ನು ಮೆರವಣಿಗೆಯಲ್ಲಿ, ಹಾಡು ನೃತ್ಯಗಳೊಂದಿಗೆ ತರುತ್ತಾರೆ. 1919ರಲ್ಲಿ ಆರಂಭವಾದ ಕಲಾ ಭವನದಲ್ಲಿ ನಂದಲಾಲ್ ಬೋಸರು ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ದು ಮರ, ದನ, ಹಳ್ಳಿಯ ಬದುಕನ್ನು ನೋಡಿ ಬರೆಯಲು ಹಚ್ಚಿದರು. ಹಳ್ಳಿಯ ಹೆಂಗಸರು ಅಂಗಳದಲ್ಲಿ ಹಾಕುವ ಅಲ್ಪನ, ಅಂದರೆ ಬಂಗಾಳದ ರಂಗೋಲಿ, ಅಲ್ಲಿ ಕಲೆಯ ಪಾಠವಾಯಿತು.

ಆದರೆ ಶಾಂತಿನಿಕೇತನಕ್ಕೂ ಒಂದು ಒತ್ತಡವಿತ್ತು. ಮಕ್ಕಳನ್ನು ಕಳಿಸುತ್ತಿದ್ದ ಮಧ್ಯಮ ವರ್ಗದ ತಂದೆತಾಯಿಗಳಿಗೆ ಕಲ್ಕತ್ತ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಬೇಕಿತ್ತು. ಮಕ್ಕಳು ದೊಡ್ಡವರಾದಂತೆ ಮರದ ಕೆಳಗಿನ ಪಾಠವೂ ಆ ಪರೀಕ್ಷೆಯ ಕಡೆಗೆ ತಿರುಗಬೇಕಾಗುತ್ತಿತ್ತು. ಇದರಿಂದ ಬಿಡುಗಡೆ ಹುಡುಕಿದ ಠಾಕೂರರು 1924ರಲ್ಲಿ ಬಡ ಹಳ್ಳಿ ಮಕ್ಕಳಿಗಾಗಿ 'ಶಿಕ್ಷಾಸತ್ರ' ಎಂಬ ಬೇರೆಯೇ ಶಾಲೆ ತೆರೆದರು. ಅದು ಮುಂದೆ ಪಕ್ಕದ ಶ್ರೀನಿಕೇತನಕ್ಕೆ ಹೋಯಿತು. ಅಲ್ಲಿ ತೋಟ, ಅಡುಗೆ, ನೇಯ್ಗೆ, ಸುತ್ತಲಿನ ಹಳ್ಳಿಯ ಅಧ್ಯಯನ ಇವೇ ಪಾಠ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ, ಅದರ ಹಿಂದೆಯೇ ಜಾಕಿರ್ ಹುಸೇನರ ಸಮಿತಿಯ ವರದಿ, ಇದೇ ವಿಚಾರವನ್ನು ಇಡೀ ದೇಶದ ಶಾಲೆಗಳ ಮುಂದಿಟ್ಟವು. ಕೈಕೆಲಸವನ್ನು ನಡುವಿನಲ್ಲಿಟ್ಟುಕೊಂಡು, ತಾಯಿನುಡಿಯಲ್ಲಿ, ಏಳು ವರ್ಷದ ಕಡ್ಡಾಯ ಶಿಕ್ಷಣ. ಅದೇ 'ನಯೀ ತಾಲೀಮ್'. ಶಾಂತಿನಿಕೇತನದಲ್ಲಿ ಪಾಠ ಮಾಡಿ, ಆಮೇಲೆ ಸೇವಾಗ್ರಾಮದಲ್ಲಿ ನಯೀ ತಾಲೀಮಿನ ಕೆಲಸ ಮಾಡಿದ ಇಂಗ್ಲೆಂಡಿನ ಮಾರ್ಜರಿ ಸೈಕ್ಸ್ ಎಂಬ ಹಿರಿಯ ಶಿಕ್ಷಕಿ ತಮ್ಮ ಇಳಿವಯಸ್ಸಿನ ಕೆಲವು ವರ್ಷಗಳನ್ನು ಮಧ್ಯಪ್ರದೇಶದ ಹೋಶಂಗಾಬಾದ್ ಬಳಿಯ ರಸೂಲಿಯಾ ಎಂಬಲ್ಲಿ ಕಳೆದರು. ನಮ್ಮ ಕಥೆಯೂ ಈಗ ಅಲ್ಲಿಗೇ ಹೋಗಬೇಕು. ಏಕೆಂದರೆ ನಮ್ಮಂಥ ಸಾಮಾನ್ಯ ಸರ್ಕಾರಿ ಶಾಲೆಗಳು ಬಯಲಿಗೆ ಇಳಿದ ದೊಡ್ಡ ಪ್ರಯೋಗ ನಡೆದದ್ದು ಅಲ್ಲಿ.

ಹೋಶಂಗಾಬಾದಿನ 16 ಶಾಲೆಗಳು

ಶಾಂತಿನಿಕೇತನ ಕವಿಯೊಬ್ಬರ ಶಾಲೆ. ಅಂಥವರು ನಡೆಸಿದರೆ ನಡೆದೀತು, ಸರ್ಕಾರಿ ಶಾಲೆಯಲ್ಲಿ ಸಾಧ್ಯವೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ 1972ರಲ್ಲಿ ಉತ್ತರ ಸಿಕ್ಕಿತು. ನಮ್ಮ ಶಾಲೆ ಆರಂಭವಾದದ್ದೂ ಅದೇ ದಶಕದಲ್ಲಿ ಎಂಬುದು ನನಗೆ ಸಂತೋಷದ ಸಂಗತಿ.

ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಅಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳಿದ್ದವು: ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್, ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ವಿಜ್ಞಾನಿ ಅನಿಲ್ ಸದ್ಗೋಪಾಲ್ ಕಟ್ಟಿದ ಕಿಶೋರ್ ಭಾರತಿ. ಈ ಎರಡೂ ಸೇರಿ, ರಾಜ್ಯ ಸರ್ಕಾರದ ಅನುಮತಿ ಪಡೆದು, 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಯ ವಿಜ್ಞಾನವನ್ನು ಹೊಸ ರೀತಿಯಲ್ಲಿ ಕಲಿಸಲು ತೊಡಗಿದವು. ಟಾಟಾ ಸಂಸ್ಥೆಯ, ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೇಸಿಗೆ ರಜೆಯಲ್ಲಿ ಬಂದು ಹಳ್ಳಿ ಮೇಷ್ಟ್ರುಗಳ ಜೊತೆ ಕೂತು ಪಾಠಗಳನ್ನು ರೂಪಿಸಿದರು.

ಅವರ ಪುಸ್ತಕದ ಹೆಸರು 'ಬಾಲ ವೈಜ್ಞಾನಿಕ'. ಅದರಲ್ಲಿ ಮಾಡಿ ನೋಡುವ ಕೆಲಸ ಮತ್ತು ಪ್ರಶ್ನೆಗಳು ತುಂಬಿದ್ದವು. ಸಿದ್ಧ ಉತ್ತರ ಇರಲಿಲ್ಲ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿಕೊಂಡು, ಮಾಡಿ, ನೋಡಿ, ವಾದಿಸಿ, ತಮ್ಮ ಉತ್ತರವನ್ನು ತಾವೇ ನೋಟ್ ಪುಸ್ತಕದಲ್ಲಿ ಬರೆಯಬೇಕು. ಪಾಠಗಳ ನಡುವೆ ಹೊಲ, ಹಳ್ಳ, ತೋಪುಗಳಿಗೆ ತಿರುಗಾಟ. ಪ್ರಯೋಗಾಲಯ ಇಲ್ಲವೆಂದು ಯಾರೂ ಕಾಯಲಿಲ್ಲ. ಸೂಜಿಯ ಬದಲು ಜಾಲಿ ಮುಳ್ಳು ಬಂತು. ಐ.ಐ.ಟಿ. ಕಾನ್ಪುರದಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತಾ 1978ರಲ್ಲಿ ಕೆಲಸಕ್ಕೆ ರಜೆ ಹಾಕಿ ಅಲ್ಲಿಗೆ ಹೋದಾಗ, ಸೈಕಲ್ ವಾಲ್ವ್ ಟ್ಯೂಬಿನ ತುಂಡು ಮತ್ತು ಬೆಂಕಿಕಡ್ಡಿಗಳಿಂದ ಜ್ಯಾಮಿತಿಯ ಆಕೃತಿಗಳನ್ನು ಕಟ್ಟುವ ಆಟ ರೂಪಿಸಿದರು. ದೇಶದ ಎಷ್ಟೋ ಶಾಲೆಗಳಲ್ಲಿ ಇಂದು ಮಾಡುವ ಕಡ್ಡಿ ಆಟಗಳ ಮೂಲ ಅದು.

ಒಂದು ಪಾಠದ ಉದಾಹರಣೆ ಕೊಡುತ್ತೇನೆ. ಅದು ಬೇರು ಮತ್ತು ಎಲೆಯ ಪಾಠ. ಮಕ್ಕಳು ಹೊರಗೆ ಹೋಗಿ ಬೇರು ಸಮೇತ ಗಿಡಗಳನ್ನು ಕಿತ್ತು ತರಬೇಕು. ಎಲೆಯ ನರಗಳು ಬಲೆಯಂತೆ ಹರಡಿವೆಯೋ ಅಥವಾ ಒಂದರ ಪಕ್ಕ ಒಂದು ಗೆರೆ ಎಳೆದಂತೆ ಇವೆಯೋ ನೋಡಬೇಕು. ಬೇರು ಒಂದೇ ದಪ್ಪ ತಾಯಿಬೇರೋ ಅಥವಾ ಗಡ್ಡದಂಥ ತಂತುಬೇರೋ ನೋಡಬೇಕು. ಎರಡನ್ನೂ ಪಟ್ಟಿ ಮಾಡಿದರೆ ಒಂದು ಸಂಬಂಧ ತಾನಾಗಿ ಕಾಣಿಸುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ರಾಗಿ, ಜೋಳ, ಗರಿಕೆ ಒಂದು ಕಡೆ. ಅವರೆ, ತೊಗರಿ, ತುಂಬೆ ಇನ್ನೊಂದು ಕಡೆ. ಇದನ್ನು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಬರೆದು ಬಾಯಿಪಾಠ ಮಾಡಿಸಬಹುದು. ಅಲ್ಲಿ ಮಕ್ಕಳೇ ಕಂಡುಹಿಡಿಯುತ್ತಿದ್ದರು.

ಕಳೆದ ವರ್ಷ ಊರಿಗೆ ಬಂದಾಗ ನನ್ನ ಅಕ್ಕನ ಮಗನ ಜೊತೆ ನಾನೂ ಇದನ್ನು ಮಾಡಿ ನೋಡಿದೆ. ಹೊಲದಲ್ಲಿ ಹನ್ನೆರಡು ಗಿಡ ಕಿತ್ತು ಪಟ್ಟಿ ಮಾಡಿದ ಮೇಲೆ ನಿಯಮ ಸಿಕ್ಕಿತೆಂದು ಇಬ್ಬರೂ ಬೀಗಿದೆವು. ಸಂಜೆ ಅಡಿಕೆ ತೋಟಕ್ಕೆ ಹೋದಾಗ ಹುಡುಗ ವೀಳ್ಯದೆಲೆ ಬಳ್ಳಿಯ ಬುಡ ಕೆದಕಿ, "ಮಾವ, ಎಲೇಲಿ ಬಲೆ ಇದೆ, ತಾಯಿಬೇರೇ ಇಲ್ವಲ್ಲ?" ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎಲೆ ಕೊಯ್ಯುತ್ತಿದ್ದ ನಮ್ಮಮ್ಮ ಅಲ್ಲಿಂದಲೇ, "ಬೀಜ ಹಾಕಿ ಬೆಳೆಸಿದ್ದಲ್ಲ ಕಣೋ ಅದು. ಬಳ್ಳಿ ತುಂಡು ನೆಟ್ಟಿದ್ದು. ಗಿಣ್ಣಿನಲ್ಲಿ ಬೇರು ಬಂದಿರೋದು" ಎಂದರು. ಬೀಜದಿಂದ ಮೊಳೆತ ಗಿಡಕ್ಕೆ ತಾಯಿಬೇರು, ತುಂಡು ನೆಟ್ಟ ಬಳ್ಳಿಗೆ ಗಿಣ್ಣಿನ ಬೇರು. ಅಮ್ಮ ಓದಿದ್ದು ನಾಲ್ಕನೇ ತರಗತಿ, ನಾನು ಬಿ.ಇ. ಆ ದಿನ ಮೇಷ್ಟ್ರು ಯಾರು, ವಿದ್ಯಾರ್ಥಿ ಯಾರು? ಪಾಠ ಬಯಲಿಗೆ ಬಂದರೆ ಊರಿನವರ ತಿಳಿವಳಿಕೆಗೂ ಶಾಲೆಯಲ್ಲಿ ಜಾಗ ಸಿಗುತ್ತದೆ ಎಂಬುದು ನನಗೆ ಅಂದು ಅರ್ಥವಾಯಿತು.

ಹೋಶಂಗಾಬಾದ್‌ನಲ್ಲೂ ಆಕಾಶದ ಪಾಠವಿತ್ತು. ಸೂರ್ಯ, ಚಂದ್ರ, ನೆರಳುಗಳನ್ನು ಮಕ್ಕಳೇ ಗಮನಿಸಿ ಬರೆಯುತ್ತಿದ್ದರು. ಭೂಪಟದಲ್ಲಿ ನೋಡಿದರೆ ಆ ಊರೂ ನಮ್ಮ ಸೀಮೆಯೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಲ್ಲಿ ಕೋಲು ನೆಟ್ಟ ಮಕ್ಕಳಿಗೂ ಗಡಿಯಾರದ 12ಕ್ಕೆ ಮಧ್ಯಾಹ್ನವಾಗಿರುವುದಿಲ್ಲ. ಸುಮಾರು ಇಪ್ಪತ್ತು ನಿಮಿಷದ ಅದೇ ಒಗಟು ಅವರಿಗೂ ಎದುರಾಗುತ್ತದೆ. ಆ ಮಕ್ಕಳು ಪ್ರಶ್ನೆ ಬರೆದು ಕಳಿಸಲು 'ಸವಾಲೀರಾಮ್' ಎಂಬ ಕಾಲ್ಪನಿಕ ವ್ಯಕ್ತಿ ಇದ್ದ. ಅವನ ಹೆಸರಿಗೆ ಮಕ್ಕಳು ಕಾಗದ ಬರೆಯುತ್ತಿದ್ದರು, ಅವನ ಹೆಸರಿನಲ್ಲಿ ಉತ್ತರ ಬರುತ್ತಿತ್ತು.

ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಪರೀಕ್ಷೆಯದು. ಬಯಲಿನಲ್ಲಿ ಕಲಿಸಿ, ಬಾಯಿಪಾಠದ ಪರೀಕ್ಷೆ ಮಾಡಿದರೆ ಬಯಲಿನ ಪಾಠ ಒಂದು ವರ್ಷವೂ ಉಳಿಯದು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಪುಸ್ತಕ, ನೋಟ್ಸ್ ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ ಮತ್ತು ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ ಬಂದವು. ಜೊತೆಗೆ ಮೇಷ್ಟ್ರುಗಳಿಗೆ ರಜೆಯಲ್ಲಿ ತರಬೇತಿ, ತಿಂಗಳಿಗೊಮ್ಮೆ ಸೇರಿ ಕಷ್ಟ ಸುಖ ಮಾತಾಡುವ ಸಭೆ, ಶಾಲೆಗೇ ಬಂದು ನೆರವಾಗುವ ಸಹೋದ್ಯೋಗಿಗಳು. ಅಂದರೆ ಹೊರಗಿನ ಪಾಠಕ್ಕೆ ವೇಳಾಪಟ್ಟಿಯಲ್ಲೂ, ಅಂಕಪಟ್ಟಿಯಲ್ಲೂ, ಮೇಷ್ಟ್ರ ಕೆಲಸದ ಲೆಕ್ಕದಲ್ಲೂ ಜಾಗ ಸಿಕ್ಕಿತು.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹರಡಿತು. 1982ರಲ್ಲಿ ಇದನ್ನು ಮುಂದುವರಿಸಲು 'ಏಕಲವ್ಯ' ಸಂಸ್ಥೆ ಹುಟ್ಟಿತು. ಬೇರೆ ಜಿಲ್ಲೆಗಳಿಗೂ ಹೋಯಿತು. ಹಾಗೆ 30 ವರ್ಷ ನಡೆದ ಮೇಲೆ, 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ ಇರಬೇಕು ಎಂಬುದು ಒಂದು ವಾದ. ಈ ಮಕ್ಕಳು ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಇನ್ನೊಂದು ದೂರು. ಕಾರ್ಯಕ್ರಮ ನಡೆಸಿದವರು ಆ ದೂರನ್ನು ಒಪ್ಪಲಿಲ್ಲ. ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿದರು. ಆದರೂ ಆದೇಶ ನಿಂತಿತು. ಮೂರು ವರ್ಷದ ಬಳಿಕ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮೊದಲ ತತ್ವವಾಗಿ ಹೇಳಿದ್ದು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕು ಎಂಬುದನ್ನೇ. ಜೋಡಿಸಿ ತೋರಿಸಿದವರ ಶಾಲೆಗಳು ಆ ಹೊತ್ತಿಗೆ ಹಳೆಯ ದಾರಿಗೆ ಮರಳಿದ್ದವು.

ನಮ್ಮ ನಾಡಿನಲ್ಲಿ

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಹೋಶಂಗಾಬಾದ್‌ನ ಕೆಲಸ ಶುರುವಾದ ಅದೇ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷ್ ಶಿಕ್ಷಕ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ 'ನೀಲ್‌ಬಾಗ್' ಶಾಲೆ ತೆರೆದರು. ಹಳ್ಳಿ ಮಕ್ಕಳಿಗಾಗಿದ್ದ ಆ ಶಾಲೆಯಲ್ಲಿ ಪರೀಕ್ಷೆಯ ಭಯ ಇರಲಿಲ್ಲ. ಮರಗೆಲಸ, ಮಡಕೆ ಮಾಡುವುದು, ತೋಟ ಇವೂ ಗಣಿತ, ಭಾಷೆಗಳಷ್ಟೇ ಮುಖ್ಯ. 1984ರಲ್ಲಿ ಅವರು ತೀರಿಕೊಂಡರು. ಅವರ ಬಳಿ ತರಬೇತಿ ಪಡೆದ ಶಿಕ್ಷಕರು ಬೇರೆ ಕಡೆ ಆ ಕೆಲಸ ಮುಂದುವರಿಸಿದರು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ ಕಲಿ'ಯನ್ನು ಕಟ್ಟಿದರು. ಹಾಡು, ಕಥೆ, ಆಟ, ಸುತ್ತಲಿನ ವಸ್ತುಗಳಿಂದ ಕಲಿಸುವ ಆ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಇದು ಮೇಲಿನಿಂದ ಇಳಿದ ಆದೇಶವಲ್ಲ, ಕೆಳಗಿನ ಶಿಕ್ಷಕರಿಂದ ಮೇಲಕ್ಕೆ ಹೋದದ್ದು. ಅದಕ್ಕೇ ಉಳಿಯಿತು ಎಂದು ನನಗೆ ತೋರುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯನ್ನು ನಮ್ಮಲ್ಲಿ ಹಲವರು ಶಾಲೆಯ ಬೀರುವಿನಿಂದ ತೆಗೆದು ಓದಿದ್ದೇವೆ. ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಬಂದಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಬ್ಯಾಗ್ ಇಲ್ಲದೆ ಕಲಿಯಬೇಕೆಂದು ಹೇಳಿದೆ. ನಮ್ಮ ರಾಜ್ಯದಲ್ಲೂ 'ಸಂಭ್ರಮ ಶನಿವಾರ' ಎಂಬ ಬ್ಯಾಗ್ ರಹಿತ ದಿನ ಇದೆ. ಅಂದರೆ ಇಂದು ಯಾವ ಸರ್ಕಾರವೂ ಬಯಲಿನ ಪಾಠವನ್ನು ಪ್ರಷ್ಯಾದಂತೆ ನಿಷೇಧಿಸಿಲ್ಲ. ಕಾಗದದ ಮೇಲೆ ಅನುಮತಿ ಇದೆ.

ಹಾಗಾದರೆ ಕೊರತೆ ಎಲ್ಲಿದೆ?

ಈ ಚರಿತ್ರೆಯನ್ನು ಓದಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ಹೊರಗಿನ ಪಾಠ ಎಲ್ಲಿಯೂ ದುಡ್ಡಿಲ್ಲದೆ ನಿಲ್ಲಲಿಲ್ಲ. ಕೋಲಿಗೆ, ಎಲೆಗೆ, ಜಾಲಿ ಮುಳ್ಳಿಗೆ ಎಷ್ಟು ದುಡ್ಡು ಬೇಕು? ಅದು ನಿಂತದ್ದು ಸಮಯವಿಲ್ಲದೆ, ಅಂಕವಿಲ್ಲದೆ, ಮೇಷ್ಟ್ರಿಗೆ ಬೆಂಬಲವಿಲ್ಲದೆ. ಫ್ರೋಬೆಲ್‌ನ ತೋಟ ಹೋದದ್ದು ತಂದೆತಾಯಿಗಳು ಮಣ್ಣಿಗಿಂತ ಎ ಬಿ ಸಿ ಡಿ ಬೇಗ ಬೇಕೆಂದಾಗ. ಶಾಂತಿನಿಕೇತನದ ಮೇಲೆ ಒತ್ತಡ ತಂದದ್ದು ಮೆಟ್ರಿಕ್ಯುಲೇಷನ್. ಹೋಶಂಗಾಬಾದ್ ಪರೀಕ್ಷೆಯನ್ನೇ ಬದಲಿಸಿದ್ದರಿಂದ 30 ವರ್ಷ ಬಾಳಿತು. ಕೊನೆಗೆ ಅದನ್ನು ಮುಗಿಸಿದ್ದೂ ಮುಂದಿನ ಪರೀಕ್ಷೆಯ ಹೆದರಿಕೆಯೇ.

ನಮ್ಮ ಶಾಲೆಯ ಮೇಷ್ಟ್ರುಗಳನ್ನೂ ಮೇಡಂಗಳನ್ನೂ ನಾನು ದೂರುವುದಿಲ್ಲ. ನಾವು ಗ್ರಾಮಸ್ಥರು, ಹಳೆಯ ವಿದ್ಯಾರ್ಥಿಗಳು, ಪ್ರತಿ ವರ್ಷ ಅವರನ್ನು ಕೇಳುವುದು ಒಂದೇ ಪ್ರಶ್ನೆ: "ಈ ಸಲ ಎಸ್.ಎಸ್.ಎಲ್.ಸಿ. ಶೇಕಡಾ ಎಷ್ಟು?" ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋದರೆ, "ಪಾಠ ಬಿಟ್ಟು ತಿರುಗಾಡಿಸ್ತಾರೆ" ಎಂದು ಜಗಲಿಯಲ್ಲಿ ಕೂತು ಆಡಿಕೊಳ್ಳುವವರೂ ನಾವೇ. ಅಂದು ಕೋಲು ನೆಡಿಸಿದ ಮೇಷ್ಟ್ರೂ ಹತ್ತನೇ ತರಗತಿಯಲ್ಲಿ ನಮಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಬಿಡಿಸಿಕೊಟ್ಟರು. ಬೇರೆ ದಾರಿಯನ್ನು ನಾವು ಅವರಿಗೆ ಬಿಟ್ಟಿರಲಿಲ್ಲ. ಆ ಅಂಕಗಳಿಂದ ನನಗೆ ಸೀಟು ಸಿಕ್ಕಿತು, ಕೆಲಸ ಸಿಕ್ಕಿತು, ಅದನ್ನು ಮರೆಯಲಾರೆ. ಆದರೆ ಇಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಲೆಕ್ಕ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ತೋರಿಸುತ್ತದೆ ಎಂಬ ಪರಿಸ್ಥಿತಿ ಬಂದಾಗ ನನ್ನ ಕೈ ಹಿಡಿಯುವುದು ಆ ಪ್ರಶ್ನೆಪತ್ರಿಕೆಗಳಲ್ಲ. "ವಾಚೂ ಸರಿ, ನೆರಳೂ ಸರಿ, ಮಧ್ಯದ ಇಪ್ಪತ್ತು ನಿಮಿಷ ಎಲ್ಲಿಂದ ಬಂತು" ಎಂಬ ಪ್ರಶ್ನೆ.

ಸಮಿತಿಗೆ ಒಂದು ವಿನಂತಿ

ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸಬೇಕು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಬೇಕು ಎಂಬ ಮಾತು ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ನಡೆಯುತ್ತಿದೆ. ದ್ವಾರ ಆಗಲಿ, ನನ್ನ ಪಾಲಿನ ವಂತಿಗೆ ಖಂಡಿತ ಕೊಡುತ್ತೇನೆ. ಆದರೆ ಹೊಂಗೆ ಮರದ ಸುತ್ತಲಿನ ನೆಲವನ್ನು ಮಣ್ಣಾಗಿಯೇ ಬಿಡಿ ಎಂಬುದು ನನ್ನ ಕೈಮುಗಿದ ವಿನಂತಿ. ಟೈಲ್ಸ್ ಮೇಲೆ ಕೋಲು ನೆಡಲಾಗದು, ಬೇರು ನೋಡಲಾಗದು, ಇರುವೆಯ ಗೂಡು ಹುಡುಕಲಾಗದು.

ಆ ಮಣ್ಣಿನಲ್ಲಿ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಒಂದು ಮೀಟರ್ ಚೌಕಕ್ಕೆ ದಾರ ಕಟ್ಟಿ, ಅದರೊಳಗಿನ ಗಿಡ, ಹುಲ್ಲು, ಹುಳುಗಳನ್ನು ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಎಣಿಸಿ ಬರೆಯಬಹುದು. ಹೊಂಗೆ ಮರ ಎಂದು ಎಲೆ ಉದುರಿಸಿತು, ಎಂದು ಚಿಗುರಿತು, ಎಂದು ಹೂಬಿಟ್ಟಿತು ಎಂದು ಪ್ರತಿ ವರ್ಷದ ಎಂಟನೇ ತರಗತಿ ಒಂದೇ ಪುಸ್ತಕದಲ್ಲಿ ದಾಖಲಿಸುತ್ತ ಹೋದರೆ, ಇಪ್ಪತ್ತು ವರ್ಷದಲ್ಲಿ ನಮ್ಮೂರಿನ ಹವಾಮಾನದ ಚರಿತ್ರೆಯೇ ಸಿದ್ಧವಾಗುತ್ತದೆ. ಉದುರಿದ ಎಲೆ, ಹೂವು, ಬೀಜಗಳಿಂದಲೇ ಅಂಗಳದಲ್ಲಿ ರಂಗೋಲಿ ಹಾಕುವ ಸ್ಪರ್ಧೆ ಇಡಬಹುದು. ಇನ್ನು ಕೋಲಿನ ಪಾಠಕ್ಕೆ ಒಂದು ವಿಶೇಷ ದಿನವೂ ಇದೆ. ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕೋಲಿನ ನೆರಳು ಮಾಯವಾಗುತ್ತದೆ. ಏಪ್ರಿಲ್ ಕೊನೆಯ ವಾರದ ದಿನ ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತದೆ. ಇನ್ನೊಂದು ಬರುವುದು ಆಗಸ್ಟ್ 17-18ರ ಸುಮಾರಿಗೆ, ಸ್ವಾತಂತ್ರ್ಯ ದಿನಾಚರಣೆಯ ಬೆನ್ನಿಗೇ. ಧ್ವಜಸ್ತಂಭದ ನೆರಳು ಅದರ ಬುಡದಲ್ಲೇ ಅಡಗುವುದನ್ನು, ಮೋಡ ದಾರಿ ಬಿಟ್ಟರೆ, ಇಡೀ ಶಾಲೆ ಸುತ್ತ ನಿಂತು ನೋಡಬಹುದು. ಎಷ್ಟು ಗಂಟೆಗೆ ನೋಡಬೇಕು ಎಂದು ನಾನು ಹೇಳುವುದಿಲ್ಲ. 12 ಗಂಟೆಗಂತೂ ಅಲ್ಲ. ಲೆಕ್ಕ ಮಕ್ಕಳೇ ಹಾಕಲಿ.

ಇದಕ್ಕೆ ಬೇಕಾದದ್ದು ವಾರಕ್ಕೆ ಒಂದು ಪೀರಿಯಡ್. ವೇಳಾಪಟ್ಟಿಯಲ್ಲಿ ಅಚ್ಚಾದ, ಪರೀಕ್ಷೆ ಹತ್ತಿರ ಬಂತೆಂದು ಕಿತ್ತುಕೊಳ್ಳದ ಒಂದು ಪೀರಿಯಡ್. ಆ ದಿನದ ನೋಟ್ ಪುಸ್ತಕಕ್ಕೆ ಶಾಲೆಯ ಮಟ್ಟದ ಮೌಲ್ಯಮಾಪನದಲ್ಲಿ ಒಂದಿಷ್ಟು ಅಂಕ. ಮತ್ತು ಮಕ್ಕಳು ಸಾಲಾಗಿ ಕೆರೆ ಏರಿಯ ಕಡೆ ಹೊರಟಾಗ, ಎದುರಾದ ಹಿರಿಯರು "ಎಲ್ಲಿಗ್ರಪ್ಪ ಪಾಠ ಬಿಟ್ಟು?" ಎನ್ನದೆ, "ಏನು ನೋಡಕ್ಕೆ ಹೊರಟ್ರಿ ಇವತ್ತು?" ಎಂದು ಕೇಳುವ ಒಂದು ಮಾತು. ಮೊದಲಿನ ಎರಡನ್ನು ಶಾಲೆ ಕೊಡಬೇಕು. ಮೂರನೆಯದನ್ನು ಕೊಡಬೇಕಾದವರು ನಾವು.